ಕೂತುಬಿಟ್ಟ ನೆರಳು

ಎಲ್ಲೋ ಒಂದು ಊರು, ಆ ಊರಲ್ಲೊಬ್ಬ ಹೆಂಗಸು. ಕೂತು ಗೊತ್ತಿಲ್ಲದವಳು. ಹುಟ್ಟುವಾಗಲೂ ನಿಂತೇ ಹುಟ್ಟಿದಳೋ ಏನೋ ಎಂದು ಜನ ನಗುತ್ತಿದ್ದರು. ಅವಳು ಒಳಗೆ ಓಡಿದರೆ ನೆರಳೂ ಒಳಗೆ, ಹೊರಗೆ ಓಡಿದರೆ ನೆರಳೂ ಹೊರಗೆ. ಪಾಪ, ಅದಕ್ಕೂ ಕಾಲು ನೋಯುವುದಿಲ್ಲವೇ? ಒಂದು ದಿನ ಅದು, “ನೀನು ನಡಿ ತಾಯಿ, ಇನ್ನು ನನ್ನ ಕೈಲಾಗಲ್ಲ” ಎಂದು ಗೋಡೆಗೆ ಒರಗಿ ಕೂತೇಬಿಟ್ಟಿತು. ಆಗ ಆ ಹೆಂಗಸು...

“ಆಗ?” ಎಂದಳು ಗುಬ್ಬಿ.

ಅಷ್ಟರಲ್ಲಿ ಕೆಳಗೆ ಕೌಂಟರಿನ ಗಂಟೆ ಬಾರಿಸಿತು. ಅಮ್ಮ ಎದ್ದಾಗಿತ್ತು.

“ಒಂದೇ ನಿಮಿಷ ಕಂದ. ಬಂದು ಪೂರ್ತಿ ಹೇಳ್ತೀನಿ.”

“ಆಣೆ?”

“ನಿನ್ನಾಣೆ.”

ಅದು ರಜೆ ಶುರುವಾದ ದಿನ. ಆ ಒಂದು ನಿಮಿಷ ರಜೆಯುದ್ದಕ್ಕೂ ಮುಗಿಯಲೇ ಇಲ್ಲ.

ರಜೆಯೇನಿದ್ದರೂ ಬಂದವರಿಗೆ; ಲಾಡ್ಜು ನಡೆಸುವವರಿಗೆಲ್ಲಿಯದು? ಗುಬ್ಬಿಯ ಅಪ್ಪ ಕೌಂಟರಿನಲ್ಲಿ ಬೀಗದ ಕೈ ಕೊಡುತ್ತಿದ್ದ. ಅಜ್ಜಿ ಬಟ್ಟೆ ಕಪಾಟಿನ ಪಕ್ಕದ ಸ್ಟೂಲಿನಲ್ಲಿ ಟವಲು ಮಡಚುತ್ತಿದ್ದಳು. ಉಳಿದದ್ದೆಲ್ಲ ಅಮ್ಮನ ತಲೆಗೆ. ಬಂದವರೆಲ್ಲ ಅವಳನ್ನು ‘ಅಕ್ಕ’ ಎಂದು ಕರೆದೂ ಕರೆದೂ ಕೊನೆಗೆ ಗಂಡನ ಬಾಯಲ್ಲೂ ಅದೇ ಕೂತಿತ್ತು. ಕೆಲಸದ ಹುಡುಗಿ ತನ್ನೂರಿಗೆ ಹೋಗಿದ್ದಳು. ಅಕ್ಕ ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಮಹಡಿ ಹತ್ತಿ ಇಳಿಯುತ್ತಿದ್ದಳು.

“ಗಾಳಿ ಬಂದಾಗ ತೂರ್ಕೋಬೇಕು, ಅಕ್ಕ,” ಎನ್ನುತ್ತಿದ್ದ ಗಂಡ.

“ನಮ್ಮ ಕಾಲದಲ್ಲಿ ನಾವು ಕೂತವರೇ ಅಲ್ಲಮ್ಮ,” ಎನ್ನುತ್ತಿದ್ದಳು ಅತ್ತೆ, ಸ್ಟೂಲಿನ ಮೇಲಿಂದ.

“ಹೌದು ಬಿಡಿ ಅತ್ತೆ. ಪಾಪ, ನಿಮ್ಮ ಬದಲು ಸ್ಟೂಲು ನಿಂತಿದೆ.”

ಗುಬ್ಬಿ ಮಾತ್ರ ಸಿಕ್ಕಸಿಕ್ಕಲ್ಲಿ ಅಮ್ಮನ ಸೆರಗು ಹಿಡಿದು “ಆಗ?” ಎನ್ನುತ್ತಿದ್ದಳು. ಅಕ್ಕ ಜಾರಿಕೊಳ್ಳುತ್ತಿದ್ದಳು. ಕೆಲಸವೇನೋ ಇತ್ತು, ಸುಳ್ಳಲ್ಲ. ಆದರೆ ನಿಜ ಬೇರೆಯೇ ಇತ್ತು: ಕಥೆಯ ಕೊನೆ ಅವಳಿಗೇ ಗೊತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅವಳಜ್ಜಿ ಈ ಕಥೆ ಹೇಳುವಾಗಲೆಲ್ಲ, ‘ಆಗ ಆ ಹೆಂಗಸು’ ಎನ್ನುವಷ್ಟರಲ್ಲಿ ಅಕ್ಕನಿಗೆ ನಿದ್ದೆ ಬಂದುಬಿಡುತ್ತಿತ್ತು. ಆಗಿನ ನಿದ್ದೆ ಅಂಥದ್ದು.

ಮೊದಲು ದೂರು ತಂದವರು ಮೂಲೆ ರೂಮಿನ ಮೇಷ್ಟ್ರು.

“ಅಕ್ಕಾ, ನಮ್ಮ ಹಾಸಿಗೆ ಮೇಲೆ ಯಾರೋ ಕೂತೆದ್ದು ಹೋಗಿದಾರೆ.”

“ಈಗಷ್ಟೇ ಹಾಸಿ ಬೀಗ ಹಾಕಿದೀನಲ್ಲ ಸಾರ್!”

ಅವಳು ಬೆಡ್‌ಶೀಟು ಹಾಸಿದರೆ ನಾಣ್ಯ ಬಿಟ್ಟರೆ ಪುಟಿಯಬೇಕು, ಅಷ್ಟು ಬಿಗಿ. ಹೋಗಿ ನೋಡಿದರೆ ಮಂಚದ ಅಂಚಿನಲ್ಲಿ, ಕಿಟಕಿಯ ಕಡೆಗೆ, ಒಬ್ಬರು ಕೂತೆದ್ದಷ್ಟು ಗುಳಿ. ಅಂಗೈಯಿಂದ ನೀವಿದಳು. ಬೆಚ್ಚಗಿತ್ತು.

ಮರುದಿನ ಪಕ್ಕದ ರೂಮಿನಲ್ಲಿ. ಆಮೇಲೆ ಮೆಟ್ಟಿಲ ಬಳಿಯ ರೂಮಿನಲ್ಲಿ. ಹಾಸಿ, ಬೀಗ ಹಾಕಿ, ಬೀಗ ಜಗ್ಗಿ ನೋಡಿ ಬಂದರೂ ಅದೇ ಕಿಟಕಿಯ ಕಡೆ, ಅದೇ ಗುಳಿ. ಕೂತು ಬಿಸಿಲು ನೋಡುವವರು ಕೂರುವ ಜಾಗ. ಅಕ್ಕ ನೀವುವಳು, ಮುಂದಕ್ಕೆ ಓಡುವಳು. ಹೆದರಲಾದರೂ ಪುರುಸೊತ್ತು ಬೇಡವೇ?

ಒಂದು ಮಧ್ಯಾಹ್ನ ಮಡಚಿದ ಬೆಡ್‌ಶೀಟುಗಳ ರಾಶಿ ಹೊತ್ತು ರೂಮುಗಳ ನಡುವಿನ ಓಣಿಯಲ್ಲಿ ಬರುತ್ತಿದ್ದಳು. ಹಿಂದಿನ ಕಿಟಕಿಯಿಂದ ಬಿಸಿಲು ಉದ್ದಕ್ಕೆ ಚಾಚಿತ್ತು. ಯಾಕೋ ಕಣ್ಣು ಗೋಡೆಯ ಮೇಲೆ ಹೋಯಿತು. ಬೆಡ್‌ಶೀಟಿನ ರಾಶಿಯ ನೆರಳೊಂದೇ ಗಾಳಿಯಲ್ಲಿ ತೇಲಿಕೊಂಡು ಹೋಗುತ್ತಿತ್ತು. ಅದನ್ನು ಹೊತ್ತವಳ ನೆರಳು ಇರಲಿಲ್ಲ.

ಅವಳು ನಿಂತಳು. ತೇಲುವ ರಾಶಿಯೂ ನಿಂತಿತು. ಅಷ್ಟರಲ್ಲಿ ಗಂಟೆ ಬಾರಿಸಿತು. ‘ಆಮೇಲೆ ನೋಡೋಣ’ ಎಂದುಕೊಂಡು ಇಳಿದು ಹೋದಳು.

ಆ ಸಂಜೆಯಿಂದ ಇನ್ನೊಂದು ಶುರುವಾಯಿತು. ಅತ್ತೆ ಟವಲುಗಳನ್ನು ಅವಳ ಕೈಗೇ ಕೊಟ್ಟು, ಅವಳ ಎದುರೇ ಕೂಗಿದಳು: “ಇವಳೆಲ್ಲಿ ಹೋದ್ಲು, ಟವಲು ತಗೊಂಡು ಹೋಗೋಕೆ ಯಾರೂ ಇಲ್ವಾ?”

“ಇಲ್ಲೇ ಇದೀನಲ್ಲ ಅತ್ತೆ.”

ಅತ್ತೆ ಕಣ್ಣು ಕಿರಿದು ಮಾಡಿ, ಮಂಜಿನಲ್ಲಿ ಹುಡುಕುವಂತೆ ಹುಡುಕಿದಳು. “ಓ,” ಎಂದಳು. ನೋಟ ಮಾತ್ರ ಅವಳನ್ನು ದಾಟಿ ಹಿಂದಿನ ಗೋಡೆಗೆ ತಾಗಿತ್ತು.

ಮರುದಿನ ಟೀ ಲೋಟ ತೊಳೆಯುವಾಗ ಅಕ್ಕನಿಗೆ ಹೊಳೆಯಿತು: ಗುಬ್ಬಿ “ಆಗ?” ಎನ್ನುವುದನ್ನು ಬಿಟ್ಟಿದ್ದಾಳೆ.

“ಯಾಕೆ ಗುಬ್ಬಿ, ಕಥೆ ಬೇಡ್ವಾ?”

“ಅಮ್ಮ ಹೇಳ್ತಿದಾಳಲ್ಲ.”

“ಯಾವಮ್ಮ?”

“ಕೂತಿರೋ ಅಮ್ಮ. ಮೇಷ್ಟ್ರು ಹೋದ್ರಲ್ಲ, ಆ ಮೂಲೆ ರೂಮಲ್ಲಿ.” ಗುಬ್ಬಿ ಅಕ್ಕನ ಭುಜದಾಚೆ ಎಲ್ಲೋ ನೋಡುತ್ತಿದ್ದಳು. “ದಿನಾ ಸ್ವಲ್ಪ ಹೇಳ್ತಾಳೆ, ಎದ್ದು ಹೋಗಲ್ಲ. ಇವತ್ತು ಮುಗಿಸ್ತಾಳಂತೆ. ಮುಗಿಸಿದವಳೇ ನನ್ನಮ್ಮನಂತೆ. ಆಮೇಲೆ ನಾನು ಅವಳ ಹತ್ರಾನೇ ಇರ್ಬೇಕಂತೆ.”

ಹೇಳಿ ಕುಣಿಯುತ್ತ ಮೆಟ್ಟಿಲು ಹತ್ತಿ ಹೋದಳು. ಅಕ್ಕ ಕೈಯ ಲೋಟವನ್ನು ತೊಟ್ಟಿಯಲ್ಲೇ ಬಿಟ್ಟಳು.

ಅವಳು ಓಡಿದಳು. ಅರ್ಧ ಮೆಟ್ಟಿಲಿಗೆ ಬಂದಾಗ ಗಂಟೆ. ಹೊರಗೆ ಬಸ್ಸು ನಿಂತ ಸದ್ದು, ಸಾಮಾನು ಇಳಿಸುವವರ ಗದ್ದಲ. “ಅಕ್ಕಾ! ಎಲ್ಲಿದೀಯಾ? ಒಂದು ಬಸ್ಸು ಜನ ಬಂದಿದಾರೆ!” ಗಂಡನ ಕೂಗು. ರೂಢಿಯ ಕಾಲು ತಾನಾಗಿ ಕೆಳಗೆ ತಿರುಗಿತು. ಅದನ್ನು ಕಿತ್ತು ಮೇಲಿನ ಮೆಟ್ಟಿಲ ಮೇಲಿಟ್ಟಳು.

ಮೂಲೆ ರೂಮಿನ ಬಾಗಿಲು ತೆರೆದಿತ್ತು. ಗುಬ್ಬಿ ಮಂಚದ ಅಂಚಿನಲ್ಲಿ ಕೂತು ಪಕ್ಕಕ್ಕೆ ಒರಗಿದ್ದಳು. ಅಲ್ಲಿ ಒರಗಲು ಯಾರೂ ಇರಲಿಲ್ಲ. ಯಾವ ಮಗುವೂ ಬೀಳದೆ ಇರಲಾರದಷ್ಟು ಓರೆಯಾಗಿ, ಬರಿಯ ಗಾಳಿಗೆ ತಲೆ ಕೊಟ್ಟು, ಆರಾಮವಾಗಿದ್ದಳು. ಪಕ್ಕದಲ್ಲಿ ಗುಳಿ ಆಳವಾಗಿತ್ತು. ಎದುರಿನ ಗೋಡೆಯ ಮೇಲೆ ಎರಡು ನೆರಳು, ಒಂದು ಚಿಕ್ಕದು, ಒಂದು ದೊಡ್ಡದು. ದೊಡ್ಡದರ ಕೈ ಚಿಕ್ಕದರ ತಲೆ ಸವರುತ್ತಿತ್ತು.

“ಆಗ ಆ ಹೆಂಗಸು...” ಎನ್ನುತ್ತಿತ್ತು ಒಂದು ದನಿ.

ಅದು ಅಕ್ಕನದೇ ದನಿ. ಆದರೆ ಅವಸರವಿಲ್ಲದ ದನಿ. ಅದನ್ನು ಅವಳೇ ಕೇಳಿ ವರ್ಷಗಳಾಗಿದ್ದವು.

ಮಗುವನ್ನು ಎಳೆದುಕೊಳ್ಳಲು ಕೈ ಚಾಚಿದಳು. ಆ ಕೈ ಅರ್ಧದಲ್ಲೇ ನಿಂತಿತು. ಗೋಡೆಯ ಮೇಲಿನ ಆ ಇಳಿಬಿದ್ದ ಭುಜ, ಬಾಗಿದ ಕತ್ತು, ಇನ್ನೊಂದು ಕೈ ಉಜ್ಜುತ್ತಿದ್ದ ಮಂಡಿ. ಎಷ್ಟು ದಣಿದಿದೆಯಪ್ಪಾ ಇದು, ಅನ್ನಿಸಿತು. ಮಗುವನ್ನು ಕದಿಯಲು ಬಂದದ್ದಲ್ಲ; ಇವಳು ಕೂರದ ಜಾಗದಲ್ಲೆಲ್ಲ ಇವಳ ಬದಲು ಕೂತದ್ದು.

ಕೆಳಗೆ ಗಂಟೆ ಬಾರಿಸುತ್ತಲೇ ಇತ್ತು.

“ಸ್ವಲ್ಪ ಸರಿ,” ಎಂದಳು ಅಕ್ಕ.

ಮಂಚ ಕಿರ್ರೆಂದಿತು. ಗುಳಿ ಒಂದು ಗೇಣು ಸರಿಯಿತು.

ಅವಳು ಕೂತಳು. ಮಂಡಿಯ ನೋವು ನರ ಹಿಡಿದು ನೆತ್ತಿಯವರೆಗೆ ಹತ್ತಿ, ನಿಧಾನವಾಗಿ ಇಳಿಯಿತು. ಉಸಿರು ಎಲ್ಲಿ ಸಿಕ್ಕಿಕೊಂಡಿತ್ತೋ ಅಲ್ಲಿಂದ ಬಿಡಿಸಿಕೊಂಡು ಹೊರಬಂತು. ಪಾದದ ಬಳಿ ಏನೋ ತಣ್ಣಗೆ ಬೆಕ್ಕಿನಂತೆ ಸುತ್ತಿಕೊಂಡಿತು. ಗುಬ್ಬಿಯ ತಲೆ ಮೆಲ್ಲಗೆ ಅವಳ ತೋಳಿಗೆ ತಾಗಿತು.

“ಆಗ?” ಎಂದಳು ಗುಬ್ಬಿ, ಅವಳ ಮುಖವನ್ನೇ ನೋಡುತ್ತ.

“ಆಗ ಆ ಹೆಂಗಸು, ‘ಸ್ವಲ್ಪ ಸರಿ’ ಅಂದ್ಲು. ನೆರಳು ಸರೀತು. ಇಬ್ರೂ ಕೂತ್ಕೊಂಡ್ರು.”

ಬಾಗಿಲಲ್ಲಿ ಗಂಡ ಏದುಸಿರು ಬಿಡುತ್ತ ನಿಂತಿದ್ದ. ಬೈಯಲೆಂದೇ ಬಂದವನು, “ಕೂ... ಕೂತಿದೀಯಾ?” ಎಂದ, ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ್ದನ್ನು ಕಂಡವನಂತೆ.

“ಹೂಂ, ಕಾಣಿಸ್ತಿದೀನಾ? ಸದ್ಯ. ಕಥೆ ಮುಗಿಸಿ ಬರ್ತೀನಿ. ಅಲ್ಲಿವರೆಗೆ ಬೆಡ್‌ಶೀಟು ನೀವು ಹಾಸಿ. ಅತ್ತೆ ಸ್ಟೂಲಿಂದ ಇಳಿದ್ರೆ ಇಬ್ಬರಾಗ್ತೀರಿ.”

ಅವನು ತಲೆ ಕೆರೆದುಕೊಂಡು ಇಳಿದು ಹೋದ. ಗಂಟೆ ನಿಂತಿತು.

“ಆಮೇಲೆ?” ಎಂದಳು ಗುಬ್ಬಿ.

ಕಿಟಕಿಯ ಬಿಸಿಲು ಗೋಡೆಯಿಂದ ಜಾರುತ್ತಿತ್ತು. ಅಕ್ಕ ಮಗಳ ತಲೆ ಸವರಿದಳು.

“ಆಮೇಲೆ ಅವರಿಬ್ರೂ ಬಿಸಿಲು ಹೋಗೋವರೆಗೂ ಅಲ್ಲೇ ಕೂತಿದ್ರು. ಬಿಸಿಲು ಹೋಯ್ತು. ಇಬ್ಬರಲ್ಲಿ ಒಬ್ಬಳು ಎದ್ದು ಮನೆಗೆ ಬಂದ್ಲು. ಎದ್ದು ಬಂದಿದ್ದು ಹೆಂಗಸೋ, ನೆರಳೋ, ಯಾರಿಗೂ ಗೊತ್ತಾಗ್ಲಿಲ್ಲ. ಅಷ್ಟೇ ಕಂದ. ಮುಗೀತು.”