ವೋಲ್ಟೇಜಿನ ಮಾತು ಕೇಳುವ ಮಿಕ್ಸರ್

ನಾನು ಒಂದು ಮಿಕ್ಸರ್. ಅಡುಗೆಮನೆಯದಲ್ಲ, ಧ್ವನಿಗಳನ್ನು ಬೆರೆಸುವುದು. ಧಾರವಾಡದ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ದಸ್ತಗೀರ ನನ್ನನ್ನು ಬೆಸುಗೆ ಹಾಕಿ ಕಟ್ಟಿದ. ನಾಟಕಗಳಿಗೆ ಸಿಂಥಸೈಸರ್ ನುಡಿಸುವ ಮಂದಾಕಿನಿ ಅಕ್ಕ ಹೇಳಿ ಮಾಡಿಸಿದ್ದರು. ಅವರ ಸಿಂಥಸೈಸರ್ ಎಂದರೆ ವಯರುಗಳಿಂದ ಜೋಡಿಸಿದ ಬಿಡಿ ಬಿಡಿ ಪೆಟ್ಟಿಗೆಗಳು. ಬೇರೆ ಪೆಟ್ಟಿಗೆಯಿಂದ ಬರುವ ವೋಲ್ಟೇಜ್ ಹೇಳಿದಂತೆ ನಾನು ಕೇಳುತ್ತೇನೆ, ಕೈ ತಾಗಬೇಕಿಲ್ಲ. ನನ್ನ ಎದೆಯ ಮೇಲಿನ ಸ್ವಿಚ್ ಮೇಲಿದ್ದರೆ ವೋಲ್ಟೇಜ್ ಏರಿದಂತೆ ಸದ್ದು ಏರುತ್ತದೆ. ನಡುವಿದ್ದರೆ ಸದ್ದು ಎಡದಿಂದ ಬಲಕ್ಕೆ ಸರಿಯುತ್ತದೆ. ಕೆಳಗಿದ್ದರೆ, ವೋಲ್ಟೇಜ್ ಬಂದೊಡನೆ ಸದ್ದು ಬಂದ್.

"ಕೈಲೆ ತಿರುವಿದ್ರ ಆಗೂದಿಲ್ಲೇನ್ರಿ, ಅಕ್ಕಾರ?" ಎಂದು ದಸ್ತಗೀರ ಕೇಳಿದ್ದ.

"ಇದ ಚಲೋ," ಎಂದಷ್ಟೇ ಅವರು ಅಂದರು.

ಕಾರಣ ನನಗೆ ಮೊದಲ ದಿನವೇ ತಿಳಿಯಿತು. ನನ್ನ ಗುಂಡಿ ಹಿಡಿದ ಅಕ್ಕನ ಬಲಗೈ ಗಡಗಡ ನಡುಗುತ್ತಿತ್ತು. ನಾಟಕದ ತಂಡದಲ್ಲಿ ಯಾರಿಗೂ ಅವರು ಹೇಳಿರಲಿಲ್ಲ. ಎರಡು ವರ್ಷ ಆ ನಡುಕವನ್ನು ನಾನು ಮುಚ್ಚಿಟ್ಟೆ.

ಒಂದು ಮಧ್ಯಾಹ್ನ ನಾಟಕದ ಪ್ರಯೋಗ. ಹೊಳೆ ಉಕ್ಕಿ ಬರುವ ಸದ್ದು ಏರಬೇಕು, ನಾಯಕಿ ಅದರಲ್ಲಿ ಮುಳುಗಬೇಕು. ವಯರು ಸರಿಪಡಿಸಲು ಬಂದ ಅಕ್ಕನ ಬೆರಳು ನಡುಗಿ, ನನ್ನ ಸ್ವಿಚ್ಚನ್ನು ಪೂರ್ತಿ ಕೆಳಗೆ ತಳ್ಳಿತು. ವೋಲ್ಟೇಜ್ ಬಂತು. ನಾನು ಬಾಯಿ ಮುಚ್ಚಿದೆ. ಹೊಳೆಯೇ ಇಲ್ಲದೆ ನಾಯಕಿ ಮುಳುಗಿದಳು. ಜನ ನಕ್ಕರು.

"ಏನಾತು?" ನಿರ್ದೇಶಕ ಅಡಿವೆಪ್ಪ ಮಾಸ್ತರರು ಓಡಿ ಬಂದರು.

"ಮಿಕ್ಸರ್ ಕೈ ಕೊಡ್ತು," ಅಂದರು ಅಕ್ಕ.

ತಂಡದ ಯಂತ್ರಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ದಸ್ತಗೀರನನ್ನು ಮಾಸ್ತರರು ಅಂದೇ ಆ ಕೆಲಸದಿಂದ ಬಿಡಿಸಿದರು.

ಅವನು ನನ್ನನ್ನು ಅಂಗಡಿಗೆ ಒಯ್ದು, ಬೆನ್ನು ಬಿಚ್ಚಿ, ಸ್ವಿಚ್ಚಿನ ಮೂರೂ ಬಗೆಯಲ್ಲಿ ಪರೀಕ್ಷಿಸಿದ. ದೋಷ ಸಿಗಲಿಲ್ಲ. ಮರುದಿನ ಮತ್ತೆ ಬಿಚ್ಚಿದ. ಮೂರನೇ ದಿನ ಅಕ್ಕ ಅಂಗಡಿಗೆ ಬಂದಾಗ ಅವನ ಮುಖ ಬಾಡಿತ್ತು. "ಎಲ್ಲಿ ತಪ್ಪಿದ್ನೋ ತಿಳೀವಲ್ದು, ಅಕ್ಕಾರ."

ಅವರು ಸೆರಗಿನೊಳಗಿನ ಕೈ ತೆಗೆದು ಮೇಜಿನ ಮೇಲಿಟ್ಟರು. ಸ್ಕ್ರೂಗಳೆಲ್ಲ ಅಲುಗಾಡಿದವು. "ನಿಂದೇನೂ ತಪ್ಪಿಲ್ಲಪಾ. ಸ್ವಿಚ್ ನನ್ನ ಕೈಲೆ ಕೆಳಗ ಬಿತ್ತು."

ದಸ್ತಗೀರ ಆ ಕೈ ನೋಡಿ, ನನ್ನ ಸ್ವಿಚ್ಚಿನ ಮೇಲೆ ಬೆರಳಿಟ್ಟ. "ಮೊದಲ ಹೇಳಿದ್ರ, ಅದಕ್ಕೊಂದು ಮುಚ್ಚಳ ಮಾಡ್ತಿದ್ದೆ," ಅಂದ.

ಮಾಸ್ತರರಿಗೂ ಅಕ್ಕನೇ ಹೋಗಿ ಹೇಳಿದರು. ದಸ್ತಗೀರನಿಗೆ ಕೆಲಸ ಮರಳಿತು. ಅಕ್ಕನ ಕುರ್ಚಿಯಲ್ಲಿ ಲ್ಯಾಪ್‌ಟಾಪ್ ಹಿಡಿದ ಬೇರೊಬ್ಬರು ಕೂತರು.

ಈಗ ನಾನು ಅಂಗಡಿಯ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದೇನೆ. ಅಕ್ಕ ಆಗಾಗ ಬಂದು, ಎರಡೂ ಕೈಯಲ್ಲಿ ಲೋಟ ಹಿಡಿದು ಚಹಾ ಕುಡಿಯುತ್ತಾರೆ. ನನ್ನ ಕಡೆ ಮಾತ್ರ ನೋಡುವುದಿಲ್ಲ. ಹೇಳಿದ್ದನ್ನಷ್ಟೇ ಮಾಡುವ ನನ್ನಂಥವರಿಗೆ ಧೈರ್ಯ ಬೇಕಿಲ್ಲ. ಅಕ್ಕನಿಗೆ ಬೇಕಿತ್ತು. ಅದು ಮೂರು ದಿನ ತಡವಾಗಿ ಬಂತು, ಆದರೆ ಬಂತು.