ಗುರುಶಾಂತವ್ವನ ಬಡಿವಾರ

ಬನವಾಸಿಗೆ ಹತ್ತಿರದ ಆ ಊರಿಗೆ ಸೊಸೆಯಾಗಿ ಬಂದ ಕಲ್ಲವ್ವ ಮೊದಲ ದಿನ ನೀರಿಗೆ ಹೋದಾಗಲೇ ಅತ್ತೆಯ ಸುದ್ದಿ ಕಿವಿಗೆ ಬಿತ್ತು. ‘ನಿಮ್ಮತ್ತೀದು ಭಾಳ ಬಡಿವಾರ ಬಿಡವ್ವಾ’ ಎಂದು ಬಾವಿಕಟ್ಟೆಯ ಹೆಂಗಸರು ನಕ್ಕರು.

ಅತ್ತೆ ಗುರುಶಾಂತವ್ವ ಪಂಚಾಯಿತಿ ಮೆಂಬರು. ಹೊಸ ಕಾಯ್ದೆ ಬಂದು ಹೆಂಗಸರಿಗೂ ಜಾಗ ಇಡಬೇಕಾದಾಗ ಅವಳನ್ನೂ ಕೆಳಗಿನ ಕೇರಿಯ ದೇವಕ್ಕನನ್ನೂ ಊರ ಹಿರಿಯರೇ ನಿಲ್ಲಿಸಿದ್ದರು. ಮೀಟಿಂಗಿಗೆ ಬರುವ ತ್ರಾಸು ಬೇಡ, ಮನೆಗೇ ಬಂದು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತೇವೆ ಎಂದಿದ್ದರು. ಕೂಲಿಗೆ ಹೋಗುವ ದೇವಕ್ಕ ಒತ್ತಿದಳು. ಗುರುಶಾಂತವ್ವ ಚಾವಡಿಗೇ ಹೋದಳು. ಅಲ್ಲಿ ಗಂಡಸರಿಗೆ ಕುರ್ಚಿ, ಅವಳಿಗೆ ಬಾಗಿಲ ಬಳಿ ಕಂಬಳಿ. ಕಂಬಳಿಯ ಮೇಲೆ ಕೂಡದೆ ಮನೆಗೆ ಬಂದವಳು, ಗಂಡ ಬದುಕಿದ್ದಾಗ ಸಿರ್ಸಿ ಪೇಟೆಯಿಂದ ತಂದಿದ್ದ ಬೆತ್ತದ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ತಿರುಗಿ ಹೋದಳು. ಅಂದಿನಿಂದ ಪ್ರತಿ ಮೀಟಿಂಗಿಗೂ ಹಾಗೆಯೇ. ಆಳು ಹೊರುತ್ತೇನೆಂದರೂ ಕೊಡಳು.

ಜನರ ಮಾತು ಕೇಳಿ ಕೇಳಿ ಸಾಕಾಗಿ ಕಲ್ಲವ್ವ ಒಂದು ಸಂಜೆ ರೊಟ್ಟಿ ಬಡಿಯುತ್ತ ಅದನ್ನು ಅತ್ತೆಯ ಮುಂದೆ ಹೇಳಿಯೇಬಿಟ್ಟಳು. ಗುರುಶಾಂತವ್ವ ಸಿಟ್ಟಾಗಲಿಲ್ಲ.

‘ಚೇರಮನ್ನರು ಯಾರ ಕೂಡಾನೂ ಮಾತಾಡದ ಹೋದ್ರ ಅದಕ್ಕ ಗತ್ತು ಅಂತಾರ. ಸಾವಕಾರ್ರು ಸುಮ್ಮನ ಕೂತ್ರ ಗಂಭೀರ ಅಂತಾರ. ನಾ ನೆಟ್ಟಗ ಕೂತ್ರ ಬಡಿವಾರ. ನಮ್ಮಾಯಿ ಬಾಯಾಗ ಬಡಿವಾರ ಅಂದ್ರ ದೊಡ್ಡತನ ಇತ್ತು ನೋಡು. ಶಿವನ ಬಡಿವಾರ ಯಾರಿಗೆ ತಿಳದೈತಿ ಅಂತಿದ್ಲು. ಮಂದಿ ಕೈಗೆ ಸಿಕ್ಕು ಆ ಮಾತು ಬೈಗುಳ ಆತು.’

ಕಲ್ಲವ್ವ ತನ್ನ ತವರೂರನ್ನು ನೆನೆದಳು. ಅಲ್ಲಿ ಈ ಮಾತು ಚಪ್ಪಲಿ ಮೆಟ್ಟಿದ ಮಾಸ್ತರರ ಹೆಂಡತಿಗೆ ಸಿಕ್ಕಿತ್ತು, ಇಸ್ತ್ರಿ ಅಂಗಿ ತೊಟ್ಟ ಜೀತದವನ ಮಗನಿಗೆ ಸಿಕ್ಕಿತ್ತು. ಉಳ್ಳವರಿಗೆ ಯಾರೂ ಹಾಗೆ ಅಂದದ್ದು ಕೇಳಿರಲಿಲ್ಲ.

ಮಾಘಮಾಸದಲ್ಲಿ ಹೊಸ ಬಾವಿ ಎಲ್ಲಿ ತೆಗೆಯಬೇಕೆಂಬ ಮೀಟಿಂಗು ಬಂತು. ಚೇರಮನ್ ಮಡಿವಾಳಪ್ಪನವರಿಗೆ ಅದು ಗುಡಿಯ ಹತ್ತಿರ ಆಗಬೇಕಿತ್ತು. ಕೆಳಗಿನ ಕೇರಿಯವರು ಬೇಸಿಗೆಯಿಡೀ ಹಳ್ಳದ ಮರಳು ಬಗೆದು ನೀರು ತರುತ್ತಿದ್ದರು. ಗುರುಶಾಂತವ್ವ ಮುಂಜಾನೆಯೇ ದೇವಕ್ಕನ ಮನೆಗೆ ಹೋಗಿ, ಮೀಟಿಂಗಿಗೆ ಬರಲೇಬೇಕೆಂದು ಹೇಳಿ ಬಂದಳು. ಅತ್ತೆಗೆ ಮೊಣಕಾಲು ನೋವು ಹೆಚ್ಚಿದ್ದರಿಂದ ಅವತ್ತು ಕಲ್ಲವ್ವನೂ ಜೊತೆಗೆ ಹೋದಳು.

ದೇವಕ್ಕ ಬಂದಳು, ಆದರೆ ಹೊಸ್ತಿಲ ಹೊರಗೇ ನಿಂತಳು. ಗುರುಶಾಂತವ್ವ ಕುರ್ಚಿ ಇಳಿಸಿ, ಕೂಡದೆ, ಅವಳನ್ನು ಕರೆದಳು. ನಾ ನೆಲಕ್ಕ ಕೂಡ್ತೀನ್ರಿ ಎಂದು ದೇವಕ್ಕ ಹಿಂಜರಿದಳು.

‘ನೀನೂ ಮೆಂಬರು. ಕೆಳಗ ಕೂತು ಹೇಳಿದ್ದು ಮ್ಯಾಲಿದ್ದವ್ರಿಗೆ ಕೇಳಂಗಿಲ್ಲ’ ಎಂದು ಗುರುಶಾಂತವ್ವ ಕೈಹಿಡಿದು ಒಳಗೆ ತಂದು ಕೂರಿಸಿದಳು. ತಾನು ಕುರ್ಚಿಯ ಹಿಂದೆ ನಿಂತಳು.

ದೇವಕ್ಕನ ದನಿ ಮೊದಮೊದಲು ಏಳಲೇ ಇಲ್ಲ. ಆಮೇಲೆ ಹಳ್ಳದ ಕೆಸರು, ಕೂಸುಗಳ ಭೇದಿ, ಬಸುರಿಯರು ದಿಬ್ಬ ಹತ್ತಿಸುವ ಕೊಡ ಎಲ್ಲ ಬಂತು. ಬಾಗಿಲಲ್ಲಿದ್ದ ಕಲ್ಲವ್ವನಿಗೆ ಅತ್ತೆಯ ಕಾಲು ನಡುಗುವುದು ಕಾಣುತ್ತಿತ್ತು. ಅದು ಮಡಿವಾಳಪ್ಪನವರಿಗೂ ಕಂಡಿರಬೇಕು. ಲೆಕ್ಕ ಬರೆಯಲು ಕೂತಿದ್ದ ತಲಾಠಿಗೆ, ನಿಮ್ಮ ಕುರ್ಚಿ ಆಕೆಗೆ ಬಿಟ್ಟುಕೊಡಿರೆಂದು ಹೇಳಿದರು.

‘ನಂಗ ಬ್ಯಾಡ್ರಿ. ಬಾವಿ ಮಾತು ಮುಗೀಲಿ’ ಎಂದಳು ಗುರುಶಾಂತವ್ವ.

ವಿಧವೆ ಹಿರಿಯಾಕೆ ನಿಂತಿರುವಾಗ ಕೂತಿರುವುದು ಮಡಿವಾಳಪ್ಪನವರಿಗೂ ಆಗಲಿಲ್ಲ. ಎದ್ದು ನಿಂತರು. ಒಬ್ಬೊಬ್ಬರಾಗಿ ಉಳಿದವರೂ ಎದ್ದರು. ಕೂತವಳು ದೇವಕ್ಕ ಒಬ್ಬಳೇ. ಹಾಗೆ ನಿಂತುಕೊಂಡೇ ಕೈ ಎತ್ತಿ, ಬಾವಿ ಕೆಳಗಿನ ಕೇರಿಗೆ ಎಂದು ಠರಾವು ಮಾಡಿದರು. ಎತ್ತಿದ ಕೈಗಳಲ್ಲಿ ಮಡಿವಾಳಪ್ಪನವರದೂ ಇತ್ತು.

ಕಲ್ಲವ್ವನ ಕಣ್ಣು ತುಂಬಿತು. ಹೊರಗೆ ಬಂದ ಅತ್ತೆಗೆ ತನ್ನ ಹೆಗಲು ಕೊಟ್ಟಳು. ಗುರುಶಾಂತವ್ವ ಬೇಡವೆನ್ನದೆ ಭಾರ ಹಾಕಿದಳು.

ಮಳೆಗಾಲಕ್ಕೆ ಮೊದಲೇ ಕೆಳಗಿನ ಕೇರಿಯ ಬಾವಿಯಲ್ಲಿ ನೀರು ಬಿತ್ತು. ಮುಂದಿನ ಚುನಾವಣೆಗೆ ದೇವಕ್ಕ ಹಿರಿಯರಾರನ್ನೂ ಕೇಳದೆ ತಾನೇ ನಿಂತಳು.