ಆಮೀನ್ ಅಂದವರ ಗಲ್ಲಿ

ಬೆಳಗ್ಗೆಯಿಂದ ಗಲ್ಲಿ ಬಾಯಲ್ಲಿ ಹಳದಿ ಜೆಸಿಬಿ ನಿಂತಿತ್ತು. ಸದ್ದಿಲ್ಲ, ಗದ್ದಲ ಇಲ್ಲ. ಕೈ ಮಡಚಿಕೊಂಡು ಸುಮ್ಮನೆ ನಿಂತಿತ್ತು, ಇಂಟರ್ವಲ್ ಆಗ್ಲಿ ಆಮೇಲೆ ನೋಡ್ಕೋತೀನಿ ಅನ್ನೋ ವಿಲನ್ ಥರ.

ಜುಮೈಯ್ಯಾ ಅದರ ಕಡೆ ತಿರುಗಿ ನೋಡ್ಲಿಲ್ಲ. ನೋಡೋಕೆ ಪುರುಸೊತ್ತು ಎಲ್ಲಿ? ಇವತ್ತು ಅಜ್ಜನ ಉರುಸು.

ಸೆಂತೊನೊ ವಲಿ ಅನ್ನೋ ಸಂತನನ್ನ ಜಾವಾದ ಸುರಬಾಯ ಕಡೆ ಯಾರೂ ಹೆಸರು ಹಿಡಿದು ಕರೆಯಲ್ಲ, ಅಜ್ಜ ಅಂತಲೇ ಅನ್ನೋದು. ಅಜ್ಜನ ಗೋರಿಗೆ ಮದುರಾದಿಂದ, ಲಮೊಂಗಾನಿಂದ ಬಸ್ಸು ಬಸ್ಸೇ ಬಂದಿತ್ತು. ಜನ ಬಾಗಿಲ ಹತ್ರ ಚಪ್ಪಲಿ ಬಿಡ್ತಾರೆ. ಆ ಚಪ್ಪಲಿ ಕಾಯೋದು ಜುಮೈಯ್ಯಾ. ಅವಳ ಅವ್ವನೂ ಅದನ್ನೇ ಕಾದು ಸತ್ತಳು. ಚಪ್ಪಲಿ ಇಡೋಕೆ ಒಂದು ಮರದ ಅಟ್ಟಣಿಗೆ, ಅದರ ಹಿಂದೆ ಚಾಪೆ ಅಗಲದ ಜಾಗ, ಮೇಲೆ ತಗಡು. ಬಿಸಿಲಿಗೆ ಒಳಗೆ ಮೊಟ್ಟೆ ಬೇಯುತ್ತೆ, ಮಳೆ ಬಂದ್ರೆ ಅದೇ ಮೊಟ್ಟೆ ತೇಲುತ್ತೆ. ಮನೆ ಅಂದ್ರೆ ಅದೇ.

ಚಪ್ಪಲಿ ಇಸ್ಕೊಂಡು, ಜೋಡಿ ಕಟ್ಟಿ, ಮೂತಿ ಹೊರಕ್ಕೆ ತಿರುಗಿಸಿ ಇಡ್ತಾಳೆ. ಅದು ಅಲ್ಲಿನ ಮರ್ಯಾದೆ. ಬಂದ ಅತಿಥಿ ಹೊರಡುವಾಗ ಕಾಲು ತೂರಿಸಿದ್ರೆ ಸಾಕು, ದಾರಿ ಎದುರಿಗಿರಬೇಕು. ಕೈಗೆ ಹತ್ತಿದ ಪರರ ಕಾಲಿನ ವಾಸನೆ ಸೋಪಿಗೂ ಬಗ್ಗಲ್ಲ. ಗಂಡ ಬದುಕಿದ್ದಾಗ, "ನಿನ್ನ ಕೈಯೂಟ ಅಂದ್ರೆ ಇಡೀ ಜಾವಾದ ಕಾಲೂಟ ಕಣೇ" ಅಂತ ರೇಗಿಸ್ತಿದ್ದ.

ಸೈಕಲ್ ರಿಕ್ಷಾ ತುಳಿಯೋ ದುಲ್ಕಾಮಿತ್ ಬೆವರು ಒರೆಸ್ಕೊಂಡು ಬಂದ.

"ಅಕ್ಕಾ, ಜೆಸಿಬಿ ಡ್ರೈವರ್‌ನ ವಿಚಾರಿಸ್ದೆ. ಪ್ರಾರ್ಥನೆ ಮುಗಿದ ತಕ್ಷಣ ಶುರುವಂತೆ. ಮೊದಲು ನಿನ್ನ ಅಟ್ಟಣಿಗೆ, ಆಮೇಲೆ ಬಾವಿ ಕಟ್ಟೆ, ಆಮೇಲೆ ನಮ್ಮ ಮನೆ ಸಾಲು."

"ನಂದೇ ಮೊದಲಾ?"

"ಹೀರೋಯಿನ್ ಅಲ್ವಾ."

"ಬಾಯ್ಮುಚ್ಚೋ. ಅನ್ನ ಬೆಂದಿದ್ಯಾ ನೋಡ್ಹೋಗು."

ಆ ಜೆಸಿಬಿನ ಗಲ್ಲಿಗೆ ಕರೆದವರು ಯಾರು ಗೊತ್ತಾ? ಗಲ್ಲಿಯವರೇ. ಅದೂ ಬಾಯ್ತುಂಬ ಕರೆದಿದ್ರು.

ಹೋದ ತಿಂಗಳು, ಗೋರಿ ಮುಂದೆ ಯಾತ್ರಿ ಪ್ಲಾಜಾ ಕಟ್ಟೋ ಸಮಿತಿ ಅಧ್ಯಕ್ಷ ಪಾಕ್ ವಿರ್ಯವಾನ್ ಗಲ್ಲಿಯಲ್ಲಿ ಹರಕೆ ಊಟ ಇಟ್ಕೊಂಡ. ಪಾಕ್ ಅಂದ್ರೆ ನಮ್ಮ ಕಡೆ ಸಾಹೇಬ್ರು ಅಂದಂಗೆ. ಅಲ್ಲಿ ಮಗು ಹುಟ್ಟಿದ್ರೂ ಹರಕೆ ಊಟ, ಮುದುಕ ಸತ್ರೂ ಹರಕೆ ಊಟ. ಅರಿಶಿನದನ್ನದ ಗೋಪುರ ಮಾಡಿ ಚಾಪೆ ನಡುವೆ ಇಡ್ತಾರೆ. ಒಬ್ಬರು ಎದ್ದು, ಈ ಅನ್ನ ಯಾವ ಸಂಕಲ್ಪಕ್ಕೆ ಅಂತ, ಗಲ್ಲಿ ಜನಕ್ಕೆ ಅರ್ಥ ಆಗದ ಅರಮನೆ ಭಾಷೆಯಲ್ಲಿ ಹೇಳ್ತಾರೆ. ಕೂತವರು ಆಮೀನ್ ಅಂತಾರೆ. ಆಮೀನ್ ಅಂದು ಅನ್ನ ತಿಂದವನು ಆ ಸಂಕಲ್ಪಕ್ಕೂ ಪಾಲುದಾರ. ಇದು ಅಜ್ಜನ ಕಾಲದ ಕಟ್ಟಲೆ.

ಅವತ್ತು ಸಂಕಲ್ಪ ಹೇಳಿದ್ದು ಖೊಲಿಲ್ ತಾತ, ಗಲ್ಲಿಯ ಪ್ರಾರ್ಥನೆ ಓದೋ ಮುದುಕ. ಅಧ್ಯಕ್ಷ ಹೇಳಿಕೊಟ್ಟಿದ್ದನ್ನ ಕಣ್ಮುಚ್ಚಿ ರಾಗ ಎಳೆದ. ಕೇಳಿಸ್ಕೊಂಡೋರು ಯಾರು? ಹಸಿದ ಹೊಟ್ಟೆಗೆ ಅರಮನೆ ಮಾತು ಇಳಿಯುತ್ತಾ? ಎಲ್ಲರ ಕಣ್ಣು ಗೋಪುರದ ಪಕ್ಕದ ಕೋಳಿ ಮೇಲೆ. ಆಮೀನ್, ಆಮೀನ್, ಆಮೀನ್. ದುಲ್ಕಾಮಿತ್ ಎರಡು ಆಮೀನ್ ಜಾಸ್ತಿನೇ ಅಂದ, ಇನ್ನೊಂದು ತುಂಡು ಬೀಳಲಿ ಅಂತ.

ಮರುದಿನ ಸಮಿತಿ ಆಳುಗಳು ಬಂದು ಒಡೆಯೋ ಗೋಡೆ ಮೇಲೆಲ್ಲ ಕೆಂಪು ಗೀಟು ಎಳೆದ್ರು. ಜನ ಓಡಿದ್ರು ಸಮಿತಿ ಕಚೇರಿಗೆ. ವಿರ್ಯವಾನ್ ಫ್ಯಾನ್ ಕೆಳಗೆ ತಣ್ಣಗೆ ಕೂತಿದ್ದ.

"ಏನಿದು ಅಂತ ನನ್ನ ಕೇಳ್ತೀರಲ್ಲ. ಗಲ್ಲಿ ಜನ ಸಂತೋಷದಿಂದ ಜಾಗ ಬಿಟ್ಟು ಅಜ್ಜನ ಪ್ಲಾಜಾಗೆ ದಾರಿ ಮಾಡ್ಕೊಡ್ತಾರೆ. ಇದು ತಾನೇ ಸಂಕಲ್ಪ? ನೀವು ಆಮೀನ್ ಅಂದ್ರಿ, ಅನ್ನ ತಿಂದ್ರಿ. ವಿಡಿಯೋ ಇದೆ."

"ನಮಗೆ ಅರ್ಥ ಆಗ್ಲಿಲ್ಲ ಪಾಕ್," ಅಂದಳು ಜುಮೈಯ್ಯಾ.

"ದೇವರಿಗೆ ಅರ್ಥ ಆಗಿದೆಯಮ್ಮ. ಸಹಿ ಮಾಡಿದ್ರೆ ಕೋರ್ಟಲ್ಲಿ ಹರಿದು ಹಾಕ್ಬಹುದು. ಅಜ್ಜನ ಬಾಗಿಲಲ್ಲಿ ಅಂದ ಆಮೀನ್ ಹರಿಯೋಕಾಗುತ್ತಾ? ವಾಪಸ್ ತಗೊಂಡ್ರೆ ನಾಲಿಗೆ ಬಿದ್ದೋಗುತ್ತೆ ಅಂತ ನಿಮ್ಮ ಅವ್ವಂದಿರು ಹೇಳಿಲ್ವಾ?"

ಹೇಳಿದ್ರು. ಅದೇ ತೊಂದರೆ. ಎಲ್ಲರೂ ನಾಲಿಗೆ ಕಚ್ಕೊಂಡು ನಿಂತ್ರು.

"ಬೇರೆ ಜಾಗ ಕೊಟ್ಟಿದ್ದೀನಲ್ಲ, ಬಸ್ ನಿಲ್ದಾಣದ ಹಿಂದೆ."

"ಅಲ್ಲಿ ಯಾರು ಚಪ್ಪಲಿ ಬಿಡ್ತಾರೆ ಪಾಕ್? ಅಲ್ಲಿರೋದು ಮೋರಿ."

"ಉರುಸಿನ ದಿನ ಕೆಲಸ ಶುರು. ಕ್ಯಾಮೆರಾದವರು ಬರ್ತಾರೆ. ಒಳ್ಳೇ ಬಟ್ಟೆ ಹಾಕ್ಕೊಳ್ಳಿ," ಅಂದ ಅವನು.

ಹೊರಗೆ ಬಂದ ದುಲ್ಕಾಮಿತ್, "ಅಕ್ಕಾ, ಆ ಕೋಳಿನ ವಾಂತಿ ಮಾಡ್ಬಿಡ್ಲಾ?" ಅಂದ. ಹೂ ಮಾರೋ ಹೆಂಗಸೊಬ್ಬಳು ಗೋಡೆಗೆ ಮುಖ ಮಾಡಿ ಅತ್ತಳು. ಖೊಲಿಲ್ ತಾತ ಆಮೇಲೆ ಮನೆ ಬಿಟ್ಟು ಆಚೆ ಬರೋದನ್ನೇ ನಿಲ್ಲಿಸಿಬಿಟ್ಟ.

ಜುಮೈಯ್ಯಾ ಮಾತ್ರ ಚಪ್ಪಲಿ ತಿರುಗಿಸ್ತಾನೇ ಇದ್ದಳು, ತಲೇಲಿ ಅದೇ ತಿರುಗ್ತಿತ್ತು. ಇವನು ನಮ್ಮನ್ನ ಹೊಡೆದದ್ದು ಕೋಲಲ್ಲಲ್ಲ, ನಮ್ಮದೇ ಅನ್ನದ ಸೌಟಲ್ಲಿ. ಸೌಟು ನಮ್ಮ ಕೈಲೂ ಇದೆಯಲ್ಲ?

ಮನೆ ಮನೆಗೂ ಹೋಗಿ ಒಂದೊಂದು ಹಿಡಿ ಅಕ್ಕಿ ಕೇಳಿದಳು. ಯಾಕೆ ಅಂತ ಕೇಳಿದವರಿಗೆ, "ಉರುಸಿಗೆ" ಅಂದಳು ಅಷ್ಟೇ.

ಉರುಸಿನ ದಿನ ಮಧ್ಯಾಹ್ನ ವಿರ್ಯವಾನ್ ಬಂದ. ಹಿಂದೆ ಮುಂದೆ ಕ್ಯಾಮೆರಾ. ಅಜ್ಜನ ಬಾಗಿಲಲ್ಲಿ ಅಧ್ಯಕ್ಷ ಆದ್ರೇನು, ಬರಿಗಾಲೇ. ಕನ್ನಡಿಯಂಥ ಕಪ್ಪು ಬೂಟು ಬಿಚ್ಚಿ ಜುಮೈಯ್ಯಾ ಕೈಗೆ ಕೊಟ್ಟ.

"ಹುಷಾರಮ್ಮ. ದುಬಾರಿ."

"ಇಲ್ಲಿ ಇದುವರೆಗೂ ಒಂದು ಜೋಡೂ ಕಳೆದಿಲ್ಲ ಪಾಕ್. ಮನೆ ಕಳ್ಕೊಂಡೋರು ಇದ್ದಾರೆ ಅಷ್ಟೇ."

ಅವನು ಒಳಗೆ ಹೋದದ್ದೇ ತಡ, ಅವಳು ಬೂಟು ಎದೆಗವುಚಿಕೊಂಡು ಗಲ್ಲಿ ಬಾಯಿಗೆ ನಡೆದಳು. ಜೆಸಿಬಿ ಚಕ್ರದ ಮುಂದೆ ಬಟ್ಟೆ ಹಾಸಿ ಇಟ್ಟಳು. ಹಿಂದೆಯೇ ಚಾಪೆ ಬಂತು. ಗೋರಿ ಬಾಗಿಲಿಂದ ಬಾವಿ ಕಟ್ಟೆ ದಾಟಿ ಬೂಟಿನವರೆಗೂ ಚಾಪೆ, ಗೋಡೆಯಿಂದ ಗೋಡೆಗೂ ಚಾಪೆ. ನಡುವೆ ಅರಿಶಿನದನ್ನದ ಗೋಪುರ. ಸುತ್ತ ಸೊಪ್ಪು, ಉಪ್ಪು ಮೀನು, ಬೇಯಿಸಿ ಕೊಯ್ದ ಮೊಟ್ಟೆ. ಕೋಳಿ ಇಲ್ಲ.

ಯಾತ್ರಿಕರು ಹೊರಗೆ ಬರ್ತಾ ಬರ್ತಾ ಕೂತರು. ಹರಕೆ ಊಟಕ್ಕೆ ಕರೆದರೆ ಒಲ್ಲೆ ಅನ್ನೋನು ಜಾವಾದಲ್ಲಿ ಇನ್ನೂ ಹುಟ್ಟಿಲ್ಲ. ಎಲೆ ಮೇಲೆ ಅನ್ನ ಹಂಚಿದ್ರು. ಸಂಕಲ್ಪ ಆಗೋವರೆಗೂ ಯಾರೂ ಬಾಯಿಗಿಡಂಗಿಲ್ಲ.

ಸಮಿತಿಯ ಗಾರ್ಡ್ ಓಡಿ ಬಂದ. "ಚಾಪೆ ಎತ್ತಿ, ಎತ್ತಿ."

"ಎತ್ತು ತಮ್ಮಾ," ಅಂದಳು ಜುಮೈಯ್ಯಾ. "ಮೇಲಿರೋ ಅನ್ನ ಒದ್ದೇ ಎತ್ತಬೇಕು. ಕ್ಯಾಮೆರಾ ಇದೆ, ನಿಮ್ಮವ್ವನೂ ನೋಡ್ಲಿ."

ಅವನು ಅನ್ನ ನೋಡಿದ. ಕ್ಯಾಮೆರಾ ನೋಡಿದ. ಕೈಯಲ್ಲಿದ್ದ ಲಾಠಿ ಬೆನ್ನ ಹಿಂದೆ ಹೋಯ್ತು.

ಅಷ್ಟರಲ್ಲಿ ವಿರ್ಯವಾನ್ ಹೊರಗೆ ಬಂದ. ಕಲ್ಲು ಕಾದು ಬಾಣಲೆ ಆಗಿತ್ತು. ಒಂದು ಕಾಲು ಎತ್ತಿದ, ಇನ್ನೊಂದು ಎತ್ತಿದ.

"ನನ್ನ ಬೂಟು ಎಲ್ಲಿ?"

"ಅಲ್ಲಿ, ಚಾಪೆ ಆಚೆ. ಕೂತ್ಕೊಳ್ಳಿ ಪಾಕ್, ಅಜ್ಜನ ಅನ್ನ. ಚಾಪೆ ತಣ್ಣಗಿದೆ."

ಅವನು ಸುತ್ತ ನೋಡಿದ. ಕೂತ ಜನ ಎಲ್ಲ ಅವನನ್ನೇ ನೋಡ್ತಿದ್ರು. ಹಲ್ಲು ಕಿರಿದು ಕೂತ. ದುಲ್ಕಾಮಿತ್ ಎರಡೂ ಕೈಲಿ ಎಲೆ ಎತ್ತಿ, ಬಗ್ಗಿ, ಅವನ ಅಂಗೈ ಮೇಲಿಟ್ಟ.

ಈಗ ಸಂಕಲ್ಪ ಹೇಳಬೇಕು. ಎಲ್ಲರೂ ಖೊಲಿಲ್ ತಾತನ ಕಡೆ ತಿರುಗಿದರು. ದುಲ್ಕಾಮಿತ್ ಬೆಳಗ್ಗೆ ಅವನನ್ನ ಹೆಚ್ಚುಕಮ್ಮಿ ಹೊತ್ಕೊಂಡೇ ಬಂದಿದ್ದ. ಮುದುಕ ಎದ್ದ. ಗೋರಿ ಕಡೆ ನೋಡಿ ತಲೆ ಅಲ್ಲಾಡಿಸಿದ.

"ನನ್ನ ಬಾಯಿ ಹೊಲಸಾಗಿದೆ ಜುಮೈಯ್ಯಾ. ಮೊದಲು ಹೇಳಿದ್ದನ್ನ ಮುರಿಯೋಕೆ ನನ್ನಿಂದ ಆಗಲ್ಲ."

"ಕೂತ್ಕೋ ತಾತ. ನಾ ಹೇಳ್ತೀನಿ."

"ಹೆಂಗಸು ಸಂಕಲ್ಪ ಹೇಳೋದಾ?" ಹಿಂದಿನಿಂದ ಯಾರೋ ಗೊಣಗಿದ್ರು.

"ಅಕ್ಕಿ ಬೇಯಿಸಿದ್ದೂ ಹೆಂಗಸೇ," ಅಂದಳು ಅವಳು. "ಅರಮನೆ ಮಾತು ನಂಗೆ ಬರಲ್ಲ. ಸಂತೆ ಮಾತಲ್ಲೇ ಹೇಳ್ತೀನಿ. ಕೊನೇಲಿ ಕೂತವರಿಗೆ ಕೇಳಿಸ್ತಿದ್ಯಾ?"

"ಕೇಳಿಸ್ತಿದೆ," ಅಂದ್ರು ಬಸ್ಸಿನ ಜನ.

ಅವಳು ಕಣ್ಣು ಮುಚ್ಚಲಿಲ್ಲ.

"ಈ ಅನ್ನ ಈ ಗಲ್ಲಿ ಸಲುವಾಗಿ. ಇಲ್ಲಿ ಚಪ್ಪಲಿ ಕಾಯೋರು, ಹೂ ಮಾರೋರು, ಬಾವಿ ನೀರು ಸೇದೋರು, ರಿಕ್ಷಾ ತುಳಿಯೋರು ಇಲ್ಲೇ ಇರ್ತಾರೆ. ಹೋದ ತಿಂಗಳು ಅರ್ಥ ಆಗದೆ, ಹೊಟ್ಟೆ ಹಸಿವಿಗೆ, ಜಾಗ ಬಿಡ್ತೀವಿ ಅನ್ನೋ ಮಾತಿಗೆ ಆಮೀನ್ ಅಂದ್ವಿ. ಅದು ನಮ್ಮ ತಪ್ಪು, ಅಜ್ಜ ಹೊಟ್ಟೆಗೆ ಹಾಕ್ಕೊಳ್ಳಲಿ. ಅರ್ಥ ಆಗದೋರ ಬಾಯಲ್ಲಿ ಅದನ್ನ ಅನ್ನಿಸಿದವರ ತಪ್ಪು ಅವರ ಹೊಟ್ಟೇಲೇ ಇರ್ಲಿ. ಇವತ್ತು ಅರ್ಥ ಮಾಡ್ಕೊಂಡು ಅನ್ನಿ. ನಾವು ಈ ಗಲ್ಲಿ ಬಿಡಲ್ಲ. ಒಪ್ಪದವರು ಅನ್ನ ಕೆಳಗಿಟ್ಟು ಎದ್ದೋಗ್ಬಹುದು. ಚಪ್ಪಲಿ ನಾನೇ ತಂದ್ಕೊಡ್ತೀನಿ."

ಬಾವಿ ರಾಟೆ ಕಿರ್ ಅಂತ ಒಂದು ಸುತ್ತು ತಿರುಗಿ ನಿಂತಿತು. ಜುಮೈಯ್ಯಾ ಒಂದೊಂದೇ ಮುಖ ನೋಡ್ತಾ ಹೋದಳು. ಈ ಜನ ಎದ್ದೋದ್ರೆ, ಕಥೆ ಇಲ್ಲಿಗೆ ಮುಗೀತು.

ಮದುರಾದ ಒಬ್ಬಳು ಮುದುಕಿ, ಬಾಯಲ್ಲಿ ಹಲ್ಲೇ ಇಲ್ಲ, ಅಂಗೈ ಮೇಲೆತ್ತಿದಳು.

"ಆಮೀನ್."

ಪಕ್ಕದವನು ಅಂದ. ಅವನ ಪಕ್ಕದವಳು ಅಂದಳು. ಆಮೇಲೆ ಯಾರು ಅಂದ್ರು ಯಾರು ಬಿಟ್ರು ಗೊತ್ತಾಗ್ಲಿಲ್ಲ, ಗಲ್ಲಿ ಗೋಡೆಗೆ ಬಡಿದು ಬಡಿದು ಆಮೀನ್ ವಾಪಸ್ ಬರ್ತಿತ್ತು. ಖೊಲಿಲ್ ತಾತನ ಗಡ್ಡ ಒದ್ದೆ ಆಗಿತ್ತು. ಗಾರ್ಡಿನ ತುಟಿಯೂ ಅಲ್ಲಾಡ್ತು, ಅಧ್ಯಕ್ಷ ನೋಡಿದ್ದಕ್ಕೆ ನಿಂತಿತು.

ಗಲ್ಲಿ ಬಾಯಲ್ಲಿ ಜೆಸಿಬಿ ಬಾಗಿಲು ತೆಗೀತು. ಡ್ರೈವರ್ ಕೆಳಗಿಳಿದ. ವಿರ್ಯವಾನ್ ಬೂಟಿನ ಪಕ್ಕದಲ್ಲೇ ತನ್ನ ಹರಿದ ಚಪ್ಪಲಿ ಬಿಟ್ಟು, ಚಾಪೆ ತುದೀಲಿ ಕುಕ್ಕರಗಾಲಲ್ಲಿ ಕೂತು, ಕೀಲಿಕೈ ಜೇಬಿಗೆ ಹಾಕ್ಕೊಂಡು, ಎಲೆಗೆ ಕೈ ಚಾಚಿದ.

"ಆಮೀನ್," ಅಂದ. "ನಂಗೂ ಒಂದು ಮೊಟ್ಟೆ ಹಾಕಿ."

ಉಳಿದದ್ದು ವಿರ್ಯವಾನ್ ಒಬ್ಬನೇ. ಅನ್ನ ಅಂಗೈ ಮೇಲೆ ಆರ್ತಿತ್ತು. ತಿಂದ್ರೆ ಆಮೀನ್ ಅನ್ನಬೇಕು. ಕೆಳಗಿಟ್ರೆ ಅಜ್ಜನ ಅನ್ನ ತಳ್ಳಿದವನು ಅಂತ ಸಂಜೆಗೆ ಊರೆಲ್ಲ ನೋಡುತ್ತೆ. ಕ್ಯಾಮೆರಾದವನು ಮಂಡಿಯೂರಿ ಹತ್ತಿರ ಬಂದ.

"ಪಾಕ್," ಅಂದ ದುಲ್ಕಾಮಿತ್ ಮೆತ್ತಗೆ, "ಕೇಳಿಸ್ಲಿಲ್ಲ."

ವಿರ್ಯವಾನ್ ಜುಮೈಯ್ಯಾನ ನೋಡಿದ. ಆ ಫ್ಯಾನ್ ಕೆಳಗಿನ ತಣ್ಣನೆ ಕಣ್ಣಲ್ಲ ಅದು.

"ನನ್ನ ಬೂಟು ತಗೊಂಡ್ಬಾ," ಅಂದ ಹಲ್ಲು ಕಚ್ಚಿ.

"ಅಲ್ಲೇ ಇದೆ ಪಾಕ್, ಎಲ್ಲರದ್ದೂ ಇಟ್ಟಂಗೇ ಇಟ್ಟಿದ್ದೀನಿ," ಅಂದಳು ಜುಮೈಯ್ಯಾ. "ಮೂತಿ ಹೊರಕ್ಕೆ. ಈ ಗಲ್ಲೀಲಿ ಇವತ್ತು ಹೊರಡೋರು ನೀವು."

ಅವನು ಎದ್ದೇಳಲಿಲ್ಲ. ಬಾಯೂ ತೆರೀಲಿಲ್ಲ. ಗಲ್ಲಿ ಜನ ಅವನ ಎದುರೇ ಕೂತು ಊಟ ಶುರು ಮಾಡಿದ್ರು.